ಹಾವುಮೀನಿನ ರೂಪ, ಕಪ್ಪೆಯ ಬಳಗ

ಪ್ರಶ್ನೆ: ಸೈರನ್ ಎಂಬ ಜಲಚರ ಹಾವುಮೀನಿನಂತೆಯೇ ಕಂಡರೂ ಅದನ್ನು ಕಪ್ಪೆಯ ಬಳಗಕ್ಕೆ ಸೇರಿಸುವುದೇಕೆ? ಅಂಥವು ನಮ್ಮ ಕಡೆ ಇವೆಯೇ? (ಓದುಗರೊಬ್ಬರು, ಕಟಕೋಳ, ರಾಮದುರ್ಗ ತಾಲ್ಲೂಕು)

ಉತ್ತರ: ಪ್ರಾಣಿಗಳ ವರ್ಗೀಕರಣಕ್ಕೆ ಆಧಾರ ಹೊರಗಿನ ಆಕಾರವಲ್ಲ, ಅಂಗರಚನೆ ಮತ್ತು ವಂಶಸಂಬಂಧ. ಗಂಟಿಲ್ಲದ ದಾರ ಸೂಜಿಯ ಕಣ್ಣಿನಲ್ಲಿ ಸಲೀಸಾಗಿ ನುಸುಳುವಂತೆ, ಕೆಸರು ಜೊಂಡುಗಳ ನಡುವೆ ಬದುಕುವ ಜೀವಿಗೆ ಕಾಲುಗಳ ತೊಡಕಿಲ್ಲದ ನೀಳದೇಹ ಅನುಕೂಲವಾದ್ದರಿಂದ, ಪರಸ್ಪರ ಹತ್ತಿರದ ನಂಟಿಲ್ಲದ ವಂಶಗಳಲ್ಲಿಯೂ ಅದೇ ಆಕಾರ ಮತ್ತೆ ಮತ್ತೆ ರೂಪುಗೊಂಡಿದೆ. ಉತ್ತರ ಅಮೆರಿಕದ ಸೈರನ್‌ಗೆ ಈಜುರೆಕ್ಕೆಯ ಬದಲು ಬೆರಳುಳ್ಳ ಎರಡು ಪುಟ್ಟ ಮುಂಗಾಲುಗಳಿದ್ದು, ಹಿಂಗಾಲುಗಳೇ ಇಲ್ಲ. ಶ್ವಾಸಕೋಶವಿದ್ದರೂ ಮರಿಹಂತದ ಕಿವಿರುಗಳು ಕತ್ತಿನ ಇಕ್ಕೆಲಗಳಲ್ಲಿ ಕವಲೊಡೆದು ಜೀವನಪೂರ್ತಿ ಉಳಿಯುತ್ತವೆ. ಇದನ್ನು ಎಲ್ಲಿ ಸೇರಿಸಬೇಕೆಂದು ತೋಚದೆ ವರ್ಗೀಕರಣ ವಿಜ್ಞಾನಿ ಲಿನೇಯಸ್ ಹದಿನೆಂಟನೆಯ ಶತಮಾನದಲ್ಲಿ ಮಿಯಾಂಟೀಸ್ ಎಂಬ ಪ್ರತ್ಯೇಕ ಗಣವನ್ನೇ ಕಲ್ಪಿಸಿದ್ದನು. ಇಂದು ಇದು ಕಪ್ಪೆಗಳಂತೆಯೇ ಉಭಯವಾಸಿಗಳಾದ, ಆದರೆ ಬಾಲವುಳ್ಳ ಸಲಮಾಂಡರ್‌ಗಳ ಬಳಗದಲ್ಲಿ ಸೈರೆನಿಡೇ ಎಂಬ ಕುಟುಂಬಕ್ಕೆ ಸೇರಿದೆ. ಇದೇ ಆಕಾರದ ಆಂಫಿಯೂಮ ಎಂಬ ಇನ್ನೊಂದು ಸಲಮಾಂಡರ್‌ಗೆ ನಾಲ್ಕು ಕಡ್ಡಿಗಾಲುಗಳಿದ್ದು, ಅದರ ಮೂರು ಪ್ರಭೇದಗಳನ್ನು ಕಾಲ್ಬೆರಳು ಒಂದೋ ಎರಡೋ ಮೂರೋ ಎಂದು ಎಣಿಸಿಯೇ ಗುರುತಿಸಬಹುದು.

ಕರ್ನಾಟಕದಲ್ಲಿ ಸಲಮಾಂಡರ್‌ಗಳಿಲ್ಲ. ಆದರೆ ನಿಮ್ಮ ಬೆಳಗಾವಿ ಜಿಲ್ಲೆಯದೇ ಆದ ಚೋರ್ಲಾದಿಂದ 2007ರಲ್ಲಿ ವಿವರಿಸಲಾದ ಗೆಗೆನಿಯೋಫಿಸ್ ಮ್ಹದೇಯೆನ್ಸಿಸ್ ಕಾಲುಗಳೇ ಇಲ್ಲದ ಉಭಯವಾಸಿಯಾಗಿದ್ದು, ಮೈಯೆಲ್ಲ ಉಂಗುರಗಳಿರುವುದರಿಂದ ನೋಡಿದವರು ಎರೆಹುಳುವೆಂದೇ ತಿಳಿಯುವ ಈ ಬಗೆಯ ಜೀವಿಗಳನ್ನು ವಿಜ್ಞಾನಿಗಳು ಜಿಮ್ನೋಫಿಯೋನಾ ಎಂಬ ಬೇರೆ ಗಣದಲ್ಲಿ ಇರಿಸಿದ್ದಾರೆ.