ಸರ್ ಸಿ.ವಿ. ರಾಮನ್‌ಗೆ ನಮ್ಮೂರಿನ ಒಂದು ಕಛೇರಿ

ಈ ಬೇಸಿಗೆ ರಜೆಯಲ್ಲಿ ರಾಮನಾಥಪುರದ ನಮ್ಮ ಬೀದಿಯಲ್ಲಿ ಒಂದು ಸಂಗೀತ ಕಛೇರಿ ನಡೆಯಿತು. ಹಾಡುಗಾರಿಕೆ, ಪಿಟೀಲು, ಮೃದಂಗ, ಕೊನೆಗೆ ಕೋಸಂಬರಿ–ಪಾನಕ. ಎಲ್ಲವೂ ಮಾಮೂಲಿ. ಮಾಮೂಲಿ ಅಲ್ಲದ್ದು ಒಂದೇ, ವೇದಿಕೆ ಮೇಲೆ ಹಾರ ಹಾಕಿಸಿಕೊಂಡಿದ್ದ ಫೋಟೊ. ಅಲ್ಲಿ ತ್ಯಾಗರಾಜರೂ ಇರಲಿಲ್ಲ, ಪುರಂದರದಾಸರೂ ಇರಲಿಲ್ಲ. ಪೇಟ ಸುತ್ತಿದ ಸರ್ ಸಿ.ವಿ. ರಾಮನ್ ಇದ್ದರು.

‘ಇವರೂ ಹಾಡ್ತಿದ್ರೇನಪ್ಪ?’ ಎಂದು ಮುಂದಿನ ಸಾಲಿನ ಅಜ್ಜಿಯೊಬ್ಬರು ಕೇಳಿದರು. ಇಲ್ಲ ಅಜ್ಜಿ, ವಿಜ್ಞಾನಿ ಎಂದೆ. ‘ಮತ್ತೆ ಮೃದಂಗ ಯಾಕೆ ತಂದ್ರಿ?’ ಎಂದರು. ಆ ಸಂಜೆಯ ಇಡೀ ಕಾರ್ಯಕ್ರಮ ಅಜ್ಜಿಯ ಈ ಪ್ರಶ್ನೆಗೆ ಉತ್ತರವಾಗಬೇಕಿತ್ತು. ಆ ಉತ್ತರ ಹೇಳಬೇಕಾದವನು ನಾನು.

ಇದರ ಹಿಂದಿದ್ದವರು ನಮ್ಮ ಬೀದಿಯ ನಿವೃತ್ತ ವಿಜ್ಞಾನ ಮೇಷ್ಟ್ರು. ಪ್ರತಿ ಫೆಬ್ರುವರಿ 28ಕ್ಕೆ ಶಾಲೆಯಲ್ಲಿ ವಿಜ್ಞಾನ ದಿನ ಮಾಡಿಸಿದವರು. ‘ಮೂವತ್ತು ವರ್ಷ ರಾಮನ್ ಅಂದ್ರೆ ಬೆಳಕು ಅಂತಲೇ ಪಾಠ ಮಾಡಿದೆ ಕಣೋ. ಬೆಳಕಿನಿಂದ ಹೆಸರಾಗೋಕೆ ಮೊದಲೇ ಅವರು ಶಬ್ದವನ್ನ ಹಿಡಿದಿದ್ದರು. ಸಂಗೀತದ ಸೀಮೆಯಲ್ಲಿದ್ದುಕೊಂಡು ಅದನ್ನೇ ಹೇಳಲಿಲ್ಲ ನೋಡು’ ಎಂದು ಕೊರಗುತ್ತಿದ್ದರು. ಫೆಬ್ರುವರಿಯಲ್ಲಿ ನಮಗೆಲ್ಲ ಇಂಟರ್ನಲ್ಸ್. ಹಾಗಾಗಿ ಮೇ ತಿಂಗಳಿಗೆ ಗೊತ್ತಾಯಿತು.

ಸಂಗೀತದ ಸೀಮೆ ಎಂದದ್ದು ಉತ್ಪ್ರೇಕ್ಷೆಯಲ್ಲ. ನಮ್ಮ ಅರಕಲಗೂಡು ತಾಲ್ಲೂಕಿನಲ್ಲೇ, ಕಾವೇರಿ ದಂಡೆಯಲ್ಲಿ ರುದ್ರಪಟ್ಟಣವಿದೆ. ಪುಟ್ಟ ಹಳ್ಳಿ. ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲಿ. ರುದ್ರಪಟ್ಟಣಂ ಸಹೋದರರು ಎಂದೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅಲ್ಲಿಯವರು. ಆರ್.ಕೆ. ಪದ್ಮನಾಭ ಅವರು ಅಲ್ಲಿ ಸಪ್ತಸ್ವರಗಳನ್ನೇ ದೇವತೆಗಳಾಗಿ ನಿಲ್ಲಿಸಿ, ತಂಬೂರಿಯ ಆಕಾರದಲ್ಲಿ ಮಂದಿರ ಕಟ್ಟಿಸಿದ್ದಾರೆ. ಇನ್ನೊಂದು ವಿಷಯ ನನಗೆ ಈ ಕಾರ್ಯಕ್ರಮದ ನೆಪದಲ್ಲೇ ತಿಳಿದದ್ದು: ತಾರಾನಾಥನ್ ಅವರು ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ವಿಜ್ಞಾನಿಯಾಗಿದ್ದವರು. ಅಂದರೆ ವಿಜ್ಞಾನ ಮತ್ತು ಸಂಗೀತ ಒಂದೇ ಮನುಷ್ಯನಲ್ಲಿ ಇರುವುದು ನಮ್ಮ ಕಡೆಗೆ ಹೊಸತಲ್ಲ. ಹೊಸತಾಗಿದ್ದದ್ದು ನನಗೆ. ಪಿಯುಸಿಯಲ್ಲಿ ಸಿಇಟಿ ಎಂದುಕೊಂಡು ಮೃದಂಗದ ಪಾಠ ಬಿಟ್ಟವನು ನಾನು.

ಆದ್ದರಿಂದಲೇ ಮೇಷ್ಟ್ರು ನನ್ನನ್ನು ಹಿಡಿದದ್ದು. ‘ಎಲೆಕ್ಟ್ರಾನಿಕ್ಸ್ ಓದ್ತಿದ್ದೀಯ, ಅರ್ಧಂಬರ್ಧ ಮೃದಂಗನೂ ಗೊತ್ತು. ಹಾಡಿನ ನಡುವೆ ಇಪ್ಪತ್ತು ನಿಮಿಷ ನೀನು ಮಾತಾಡು.’

ಓದಲು ಕೂತಾಗ ಮೊದಲು ಸಿಕ್ಕಿದ್ದು ಕೆಲಸ ಹುಡುಕುವ ನಮ್ಮಂಥವರಿಗೆ ಬೇಕಾದ ಸಂಗತಿ. ರಾಮನ್ 1907ರಲ್ಲಿ ಸೇರಿದ್ದು ಸರ್ಕಾರದ ಹಣಕಾಸು ಇಲಾಖೆಗೆ. ಕಲ್ಕತ್ತಾದಲ್ಲಿ ಲೆಕ್ಕಪತ್ರದ ನೌಕರಿ. ವಯಸ್ಸು ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಆಫೀಸಿಗೆ ಮೊದಲು ಮತ್ತು ಆಫೀಸು ಬಿಟ್ಟ ಮೇಲೆ ಬೌಬಜಾರ್ ಬೀದಿಯ ಇಂಡಿಯನ್ ಅಸೋಸಿಯೇಷನ್ ಎಂಬ ಸಂಸ್ಥೆಯ ಪ್ರಯೋಗಾಲಯಕ್ಕೆ ಹೋಗುತ್ತಿದ್ದರು. ಹೀಗೆ ವರ್ಷಗಟ್ಟಲೆ! 1917ರಲ್ಲಿ ಹೆಚ್ಚು ಸಂಬಳದ ಆ ನೌಕರಿ ಬಿಟ್ಟು, ಕಡಿಮೆ ಸಂಬಳದ ಪ್ರೊಫೆಸರ್ ಹುದ್ದೆಗೆ ಬಂದರು. ಪಿಟೀಲಿನ ತಂತಿ ಕಮಾನಿನ ಕೆಳಗೆ ಹೇಗೆ ನಡುಗುತ್ತದೆ ಎಂದು ಬರೆದರು. ಮನುಷ್ಯನ ಕೈ ಒಂದೊಂದು ಸಲ ಒಂದೊಂದು ಥರ ಒತ್ತುತ್ತದೆ ಎಂದು ಪಿಟೀಲು ನುಡಿಸುವ ಯಂತ್ರವನ್ನೇ ಮಾಡಿಸಿಕೊಂಡರು. ವೀಣೆ, ತಂಬೂರಿಗಳ ಕುದುರೆಯ ಬಗ್ಗೆ ಬರೆದರು. ಹೆಂಡತಿ ಲೋಕಸುಂದರಿ ವೀಣೆ ನುಡಿಸುತ್ತಿದ್ದರು, ಮನೆಯಲ್ಲೇ ವಾದ್ಯವಿತ್ತು.

ಮೃದಂಗದ ಸರದಿ ಬಂದದ್ದು 1920ರ ಜನವರಿಯಲ್ಲಿ. ಶಿವಕಾಳಿ ಕುಮಾರ್ ಎಂಬ ಸಹೋದ್ಯೋಗಿಯ ಜೊತೆ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ಟಿಪ್ಪಣಿ ಬರೆದರು. (ಶ್ರೀಕಂಠನ್ ಹುಟ್ಟಿದ್ದೂ 1920ರ ಜನವರಿಯಲ್ಲೇ. ಇದಕ್ಕೆ ಅರ್ಥವೇನೂ ಇಲ್ಲ, ನನಗೆ ಖುಷಿಯಾಯಿತು ಅಷ್ಟೆ.) ಮತ್ತೆ 1934ರಲ್ಲಿ, ಬೆಂಗಳೂರಿಗೆ ಬಂದಾದ ಮೇಲೆ, ತಾವೇ ಕಟ್ಟಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿವರವಾಗಿ ಬರೆದರು. ಆ ಹೊತ್ತಿಗೆ ನೊಬೆಲ್ ಬಂದು ನಾಲ್ಕು ವರ್ಷ. ಮೃದಂಗ ಮಾತ್ರ ತಲೆಯಿಂದ ಹೋಗಿರಲಿಲ್ಲ.

ಸಂಗತಿ ಏನೆಂದರೆ, ಚರ್ಮ ಬಿಗಿದ ಯಾವುದೇ ವಾದ್ಯದಿಂದ ಸ್ವರ ಬರಬಾರದು. ತಂತಿಯನ್ನು ಮೀಟಿದರೆ ಮೂಲ ಕಂಪನದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ವೇಗದ ಕಂಪನಗಳೂ ಹೊರಡುತ್ತವೆ. ಅವು ಒಂದಕ್ಕೊಂದು ಹೊಂದುವುದರಿಂದ ಕಿವಿಗೆ ಸ್ವರವಾಗಿ ಕೇಳುತ್ತದೆ. ದುಂಡಗೆ ಬಿಗಿದ ಚರ್ಮ ಹಾಗಲ್ಲ. ಅಲ್ಲಿ ಲೆಕ್ಕ 1 ಆದಮೇಲೆ 1.59, ಆಮೇಲೆ 2.14, 2.30 ಹೀಗೆ ಹೋಗುತ್ತದೆ. ಯಾವುದಕ್ಕೆ ಯಾವುದೂ ಹೊಂದುವುದಿಲ್ಲ. ಅದಕ್ಕೇ ತಮಟೆ ಹೊಡೆದರೆ ಕುಣಿಯಬಹುದು, ಶ್ರುತಿ ಹಿಡಿಯಲಾಗದು.

ಮೃದಂಗದ ಬಲಮುಚ್ಚಿಗೆಯ ನಡುವೆ ಕರಿ ಬೊಟ್ಟಿನಂತೆ ಇರುತ್ತದಲ್ಲ, ಕರಣೆ, ಎಲ್ಲ ಬದಲಾಗುವುದು ಅದರಿಂದ. ಕಬ್ಬಿಣದ ಅಂಶವಿರುವ ಕರಿಕಲ್ಲಿನ ಪುಡಿಯನ್ನು ಅನ್ನದ ಜೊತೆ ಅರೆದು, ಪದರದ ಮೇಲೆ ಪದರ ಹಚ್ಚಿ, ಕಲ್ಲಿನಿಂದ ಉಜ್ಜಿ ಕೂರಿಸಿದ್ದು. ನಡುವೆ ದಪ್ಪ, ಅಂಚಿಗೆ ತೆಳು. ಈ ಭಾರ ಬಿದ್ದಾಗ ಚರ್ಮದ ಅಡ್ಡಾದಿಡ್ಡಿ ಕಂಪನಗಳು ಸಾಲಿಗೆ ಬರುತ್ತವೆ. ಒಂಬತ್ತು ಬಗೆಯ ಕಂಪನಗಳು ಐದೇ ಗುಂಪುಗಳಾಗಿ, 1, 2, 3, 4, 5ರ ಲೆಕ್ಕದಲ್ಲಿ ನಿಲ್ಲುತ್ತವೆ ಎಂದು ರಾಮನ್ ತೋರಿಸಿದರು. ತೋರಿಸಿದ್ದು ಮರಳಿನಿಂದ. ಮುಚ್ಚಿಗೆಯ ಮೇಲೆ ನಯ ಮರಳು ಉದುರಿಸಿ ಹೊಡೆದರೆ, ನಡುಗುವ ಜಾಗದಿಂದ ಮರಳು ಹಾರಿ, ನಡುಗದ ಗೆರೆಯ ಮೇಲೆ ಬಂದು ಕೂರುತ್ತದೆ. ಅದನ್ನು ಫೋಟೊ ತೆಗೆದಿಟ್ಟರು.

ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ವಿಷಯದಲ್ಲಿ ಫೋರಿಯರ್ ಸರಣಿಯನ್ನು ಹತ್ತು ಅಂಕದ ಪ್ರಶ್ನೆ ಎಂದು ಬಾಯಿಪಾಠ ಮಾಡಿದ್ದೆ. ಅದು ನಾನು ಆರು ವರ್ಷ ಬಡಿದ ಮೃದಂಗದ ಒಳಗೇ ಇತ್ತೆಂದು ಅವತ್ತು ರಾತ್ರಿ ಗೊತ್ತಾಯಿತು. ಹಾಸ್ಟೆಲ್ ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ‘ಸೂಪರ್ ಮಗಾ, ಪ್ಲೇಸ್‌ಮೆಂಟ್‌ಗೆ ಇದರಿಂದ ಏನು ಉಪಯೋಗ?’ ಎಂದ. ಉತ್ತರ ಇನ್ನೂ ಕೊಟ್ಟಿಲ್ಲ.

ಕಾರ್ಯಕ್ರಮದ ದಿನ ಜನ ತಡವಾಗಿ ಬಂದರು. ಹಿಂದಿನ ದಿನ ಮಳೆ ಬಿದ್ದಿತ್ತು, ಹೊಗೆಸೊಪ್ಪಿನ ಸಸಿ ನೆಡುವ ಗಡಿಬಿಡಿ. ಕತ್ತಲಾಗುವ ಹೊತ್ತಿಗೆ ಶಾಮಿಯಾನ ತುಂಬಿತು. ಎರಡು ಕೀರ್ತನೆ ಆದಮೇಲೆ ಮೇಷ್ಟ್ರು ಸನ್ನೆ ಮಾಡಿದರು. ಮೊದಲು ತಮಟೆ. ನಮ್ಮ ಹುಡುಗರಲ್ಲೊಬ್ಬ ಹೊಡೆದ. ಮೊಬೈಲ್ ಆ್ಯಪ್‌ನಲ್ಲಿ ಕಂಪನಗಳ ಗೆರೆಗಳು ಎದ್ದದ್ದನ್ನು ಪ್ರೊಜೆಕ್ಟರ್ ಹಾಕಿ ತೋರಿಸಿದೆ. ಮುರಿದ ಬಾಚಣಿಗೆಯ ಹಾಗೆ ಎಲ್ಲೆಂದರಲ್ಲಿ. ಆಮೇಲೆ ವಿದ್ವಾಂಸರು ಮೃದಂಗ ನುಡಿಸಿದರು. ಗೆರೆಗಳು ತೋಟದ ಬೇಲಿಗೂಟದಂತೆ ಸಮ ಅಂತರದಲ್ಲಿ ನಿಂತವು. ‘ಓ’ ಎಂದರು ಜನ. ನನ್ನ ಧೈರ್ಯ ಹೆಚ್ಚಿತು.

ಅಜ್ಜಿಯ ಪಕ್ಕದಲ್ಲಿದ್ದವರು ‘ಇಂಥದ್ದನ್ನೆಲ್ಲ ನಮ್ಮವರು ಮಾತ್ರ ಮಾಡಿದ್ದಾ?’ ಎಂದರು. ಅದಕ್ಕೂ ತಯಾರಾಗಿದ್ದೆ. ಜಪಾನಿನಲ್ಲಿ ತೆರಾದಾ ತೊರಾಹಿಕೊ ಎಂಬ ಭೌತವಿಜ್ಞಾನಿ ಇದ್ದರು, 1878ರಲ್ಲಿ ಹುಟ್ಟಿದವರು. ಶಕುಹಾಚಿ ಎಂಬ ಬಿದಿರ ಕೊಳಲು ಹೇಗೆ ನುಡಿಯುತ್ತದೆ ಎಂಬುದರ ಮೇಲೆ ಡಾಕ್ಟರೇಟ್ ಪಡೆದರು. ಕಾದಂಬರಿಕಾರ ನತ್ಸುಮೆ ಸೊಸೆಕಿಯವರ ಶಿಷ್ಯ, ಪ್ರಬಂಧಗಳನ್ನೂ ಬರೆದವರು. ತಮ್ಮ ಮನೆ ಅಂಗಳದ ವಾದ್ಯವನ್ನೇ ಪ್ರಯೋಗಾಲಯಕ್ಕೆ ಒಯ್ದ ಇನ್ನೊಬ್ಬರು ಅವರು ಎಂದೆ. ಮೇಷ್ಟ್ರ ಮುಖ ಅರಳಿತು.

ಆಮೇಲೆ ಮರಳು. ವಿದ್ವಾಂಸರು ‘ನನ್ನ ಮೃದಂಗದ ಮೇಲೆ ಒಂದು ಕಾಳು ಬೀಳಬಾರದು’ ಎಂದು ಮೊದಲೇ ಹೇಳಿದ್ದರು. ಹಾಗಾಗಿ ಮೃದಂಗ ರಿಪೇರಿ ಮಾಡುವ ಒಬ್ಬರಿಂದ ಹಳೆಯದೊಂದನ್ನು ತರಿಸಿದ್ದೆವು. ಅದನ್ನು ನೆಟ್ಟಗೆ ನಿಲ್ಲಿಸಿ, ಬಲಮುಚ್ಚಿಗೆಯ ಮೇಲೆ ರಂಗೋಲಿಪುಡಿ ಉದುರಿಸಿ, ಓದಿದ್ದ ಹಾಗೆ ಬೆರಳಿಟ್ಟು ಹೊಡೆದೆ. ಪುಡಿ ನನ್ನ ಅಂಗಿಯ ಮೇಲೆ ಬಿತ್ತು. ಮತ್ತೆ ಹೊಡೆದೆ. ಫ್ಯಾನಿನ ಗಾಳಿಗೆ ಅಜ್ಜಿಯ ಕಡೆ ಹಾರಿತು. ಫ್ಯಾನ್ ಆರಿಸಿ ಮೂರನೇ ಸಲ ಹೊಡೆದಾಗ ಪುಡಿ ಕಲಸಿಹೋಯಿತೇ ಹೊರತು ಯಾವ ಗೆರೆಯೂ ಇಲ್ಲ. ಹಿಂದಿನ ಸಾಲಿನ ಹುಡುಗರು ಸೀಟಿ ಹಾಕಿದರು.

ಆಗ ಶಾಮಿಯಾನದ ಹೊರಗಿನಿಂದ ಒಂದು ದನಿ: ‘ಬೆರಳು ಒತ್ತಬೇಡಪ್ಪ, ಮುಟ್ಟು ಅಷ್ಟೆ.’

ರಿಪೇರಿಯವರು. ಕುರ್ಚಿ ಕೊಟ್ಟಿದ್ದರೂ ‘ಇಲ್ಲೇ ಗಾಳಿ ಚೆನ್ನಾಗಿದೆ’ ಎಂದು ಹೊರಗೆ ಬೈಕಿಗೆ ಒರಗಿ ನಿಂತಿದ್ದರು. ಕರೆದೆ. ಚಪ್ಪಲಿ ಬಿಟ್ಟು, ವೇದಿಕೆ ಹತ್ತದೆ, ಕೆಳಗಿನಿಂದಲೇ ಕೈ ಚಾಚಿದರು. ಉಂಗುರ ಬೆರಳನ್ನು ಕರಣೆಯ ಅಂಚಿಗೆ ಸೋಕಿಸಿ, ಅಲ್ಲಿಂದ ಕಾಲು ಸುತ್ತು ದೂರದಲ್ಲಿ ಅಂಚಿಗೆ ತೋರುಬೆರಳಿನಿಂದ ‘ನಂ’ ನುಡಿಸಿದರು. ನಾಲ್ಕೈದು ಹೊಡೆತ. ಪುಡಿ ಮೆಲ್ಲಗೆ ಹರಿದು ಬೆರಳಿದ್ದ ಜಾಗದಿಂದ ನಡುವನ್ನು ಹಾದು ಆಚೆ ಅಂಚಿನವರೆಗೆ ಒಂದು ಗೆರೆಯಾಯಿತು. ಒಂದರ್ಧ ಮೇಲೆದ್ದಾಗ ಇನ್ನೊಂದರ್ಧ ಕೆಳಗಿಳಿಯುವ, ನಡುವೆ ಒಂದು ಸಾಲು ಅಲುಗದೆ ನಿಲ್ಲುವ ಎರಡನೇ ಕಂಪನ. ಪುಸ್ತಕದಲ್ಲಿ ನೋಡಿದ್ದ ಚಿತ್ರವೇ. ‘ಗೆರೆ ಬರುತ್ತೆ ಅಂತ ನಿಮಗೆ ಹೇಗೆ ಗೊತ್ತು?’ ಎಂದೆ. ‘ಗೆರೆ ಗೊತ್ತಿಲ್ಲ. ಹಂಗೆ ಮುಟ್ಟಿದರೆ ನಾದ ಸೀಳಲ್ಲ ಅನ್ನೋದು ಗೊತ್ತು’ ಎಂದರು. ಮತ್ತೆ ಹೋಗಿ ಬೈಕಿಗೆ ಒರಗಿದರು.

ಕಛೇರಿ ಮುಗಿದ ಮೇಲೆ ಸನ್ಮಾನ. ಗಾಯಕರಿಗೆ, ಪಿಟೀಲಿಗೆ, ಮೃದಂಗಕ್ಕೆ ಶಾಲು, ಹಣ್ಣು. ಮೇಷ್ಟ್ರಿಗೆ ಶಾಲು. ಪ್ರಾತ್ಯಕ್ಷಿಕೆ ಕೊಟ್ಟ ವಿದ್ಯಾರ್ಥಿ ಎಂದು ನನಗೂ ಒಂದು ಪುಸ್ತಕ. ಪಟ್ಟಿ ಬರೆದಿದ್ದವನು ನಾನೇ. ಅದರಲ್ಲಿ ಅವರ ಹೆಸರಿರಲಿಲ್ಲ. ಹೆಸರೇನು, ನನಗೆ ಅವರ ಫೋನ್ ನಂಬರ್ ಮಾತ್ರ ಗೊತ್ತಿತ್ತು, ‘ಮೃದಂಗ ರಿಪೇರಿ’ ಎಂದು ಸೇವ್ ಮಾಡಿಕೊಂಡಿದ್ದೆ. ನಡುವೆ ಮೈಕ್ ಹಿಡಿದು ಅವರನ್ನು ಕರೆಯಬಹುದಿತ್ತು. ಕರೆಯಬೇಕು ಎಂದು ಹೊಳೆದದ್ದೂ ನಿಜ. ಶಾಲುಗಳು ಎಣಿಸಿ ತಂದಿದ್ದವು, ಎಂದು ಸುಮ್ಮನಾದೆ. ಪಾನಕ ಹಂಚುವ ಹೊತ್ತಿಗೆ ಹೊರಗೆ ಬಂದು ನೋಡಿದರೆ ಬೈಕೂ ಇಲ್ಲ, ಅವರೂ ಇಲ್ಲ. ವೇದಿಕೆಯ ಕೆಳಗೆ ಶ್ರುತಿ ಮಾಡುವ ಅವರ ಗುಂಡುಕಲ್ಲು ಉಳಿದಿತ್ತು.

ಪ್ರಾಚೀನರ ನಾದಜ್ಞಾನವನ್ನು ರಾಮನ್ ಹೊಗಳಿದ್ದಾರೆ ಎಂದು ನಾನು ಭಾಷಣದಲ್ಲಿ ಹೇಳಿದ್ದೆ. ಪ್ರಾಚೀನರು ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಚರ್ಮ ಹದ ಮಾಡಿ, ಕರಣೆ ಅರೆದು ಆ ಜ್ಞಾನವನ್ನು ಈ ಸಂಜೆಯವರೆಗೆ ತಂದವರು ಹತ್ತು ಅಡಿ ದೂರದಲ್ಲಿ ನಿಂತಿದ್ದರು. ಮೃದಂಗ ತಯಾರಿಸುವವರ ಬಗ್ಗೆ ಟಿ.ಎಂ. ಕೃಷ್ಣ ಅವರು 2020ರಲ್ಲಿ ಒಂದು ಇಡೀ ಪುಸ್ತಕ ಬರೆದಿದ್ದಾರೆ ಎಂದು ಮೇಷ್ಟ್ರು ಆಮೇಲೆ ಹೇಳಿದರು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮುಂದಿನ ಭಾನುವಾರ ಕಲ್ಲು ಕೊಡಲು ಅವರ ಊರಿಗೆ ಹೋದೆ. ಜೊತೆಗೆ ಒಂದು ಶಾಲು ಒಯ್ದಿದ್ದೆ. ಮನೆಯ ಮುಂದೆ ಮುಚ್ಚಿಗೆಯೊಂದಕ್ಕೆ ಕರಣೆ ಹಾಕುತ್ತ ಕೂತಿದ್ದರು. ಚಿಟಿಕೆಯಷ್ಟು ಹಚ್ಚುವುದು, ಕಲ್ಲಿನಿಂದ ಉಜ್ಜುವುದು, ಕಾಯುವುದು, ಮತ್ತೆ ಹಚ್ಚುವುದು. ನಡುನಡುವೆ ತಟ್ಟಿ ಕಿವಿ ಕೊಡುವುದು. ಶಾಲನ್ನು ಪಕ್ಕಕ್ಕಿಟ್ಟು, ‘ಇದು ಮಳೆಗಾಲಕ್ಕೆ ಆಯ್ತು’ ಎಂದರು. ನಾನು ಮೊಬೈಲ್‌ನಲ್ಲಿ ರಾಮನ್ ಲೇಖನದ ಮರಳು ಚಿತ್ರಗಳನ್ನು ತೋರಿಸಿದೆ. ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು.

‘ಎಷ್ಟು ವರ್ಷ ಮಾಡಿದ್ರಂತೆ ಈ ಕೆಲಸ?’

‘ಮೊದಲು ಬರೆದದ್ದು 1920ರಲ್ಲಿ. ಆಮೇಲೆ 1934ರಲ್ಲಿ.’

‘ಹದಿನಾಲ್ಕು ವರ್ಷ’ ಎಂದು ಲೆಕ್ಕ ಹಾಕಿದರು. ‘ಹಂಗಾದ್ರೆ ಪರವಾಗಿಲ್ಲ, ಕಲಿತಿರ್ತಾರೆ.’

ಆಮೇಲೆ ಕಲ್ಲನ್ನು ನನ್ನ ಕೈಗೆ ಕೊಟ್ಟು ಒಂದು ಪದರ ಉಜ್ಜು ಎಂದರು. ಉಜ್ಜಿದೆ. ತಟ್ಟಿ ನೋಡಿ, ಏನೂ ಹೇಳದೆ ಅದನ್ನು ಕೆರೆದು ತೆಗೆದು, ತಾವೇ ಮತ್ತೆ ಹಚ್ಚಿದರು.