ಚಿಮ್ಮುಗಾಲು: ಅದರ ಸುಖ, ಅದರ ಬಾಳಿಕೆ

ಹುನಗುಂದ ಸೀಮೆಯ ಎರೆಭೂಮಿಯಲ್ಲಿ ಮಳೆ ಬಿದ್ದ ಮರುದಿನ ನಡೆದವರಿಗೆ ಕೆಸರೆಂದರೇನೆಂದು ವಿವರಿಸಬೇಕಾಗಿಲ್ಲ. ಕೂಡಲಸಂಗಮದ ಆಸುಪಾಸಿನ ಹೊಲದ ದಾರಿಯಲ್ಲಿ ಒಂದೊಂದು ಹೆಜ್ಜೆಗೂ ಮಣ್ಣು ಪಾದಕ್ಕೆ ಮೆತ್ತಿ ಕಾಲು ಭಾರವಾಗುವುದು. ಇಂಥ ಕೆಸರನ್ನು ದಾಟಲು ಮನುಷ್ಯನು ಕಂಡುಕೊಂಡ ಹಳೆಯ ಉಪಾಯಗಳಲ್ಲಿ ಮರಗಾಲೂ ಒಂದು. ಎರಡು ಗಳು, ಪಾದವಿಡಲು ಎರಡು ಗೂಟ, ಇಷ್ಟಿದ್ದರೆ ಆಯಿತು.

ಈ ಮರಗಾಲಿಗೆ ಬಿಲ್ಲಿನಂತೆ ಬಾಗುವ ಸ್ಪ್ರಿಂಗನ್ನು ಜೋಡಿಸಿದರೆ ಅದು ನಡೆಸುವುದಲ್ಲದೆ ಚಿಮ್ಮಿಸುವುದೂ ಉಂಟು. ಜರ್ಮನಿಯ ಅಲೆಕ್ಸಾಂಡರ್ ಬೋಕ್ ರೂಪಿಸಿದ ಇಂಥ ಸಾಧನಕ್ಕೆ 2004ರಲ್ಲಿ ಅಮೆರಿಕದ ಪೇಟೆಂಟು ದೊರೆಯಿತು. ನಾವು ಇದನ್ನು ಚಿಮ್ಮುಗಾಲೆಂದು ಕರೆಯೋಣ. ಮೊಣಕಾಲಿನ ಕೆಳಗೆ ಕಟ್ಟುವ ಪಟ್ಟಿ, ಪಾದವಿಡುವ ಹಲಗೆ, ಹಿಂಬದಿಯಲ್ಲಿ ಗಾಜಿನ ಎಳೆಗಳನ್ನು ರಾಳದಲ್ಲಿ ಕೂಡಿಸಿ ಮಾಡಿದ ಕಮಾನು, ಅದರ ತುದಿಗೆ ರಬ್ಬರಿನ ಗೊರಸು: ಇವು ಅದರ ಮುಖ್ಯ ಅಂಗಗಳು. ಇದನ್ನು ತೊಟ್ಟವರ ದೂರುಗಳು ಎರಡು. ಕಾಲು ನೋಯುವುದು, ಕಮಾನು ಮುರಿಯುವುದು. ಬೇರೆ ಬೇರೆಯಾಗಿ ಕಾಣುವ ಈ ಎರಡೂ ದೂರುಗಳ ಬೇರು ಒಂದೇ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಒಬ್ಬನು 60 ಸೆಂ.ಮೀ. ಎತ್ತರದಿಂದ, ಮೊಣಕಾಲು ಮಡಿಸದೆ, ಇಳಿದನೆಂದು ಭಾವಿಸಿರಿ. ಬೀಳುವಾಗ ಗಳಿಸಿದ ಶಕ್ತಿಯೆಲ್ಲವೂ ಸ್ಪ್ರಿಂಗಿನಲ್ಲಿ ಅಡಗಬೇಕು. ಸ್ಪ್ರಿಂಗು 10 ಸೆಂ.ಮೀ. ಮಾತ್ರ ಕುಸಿಯಬಲ್ಲುದಾದರೆ, ಗರಿಷ್ಠ ಬಲವು ಅವನ ತೂಕದ 14ರಷ್ಟಾಗುವುದು. 30 ಸೆಂ.ಮೀ. ಕುಸಿಯಬಲ್ಲುದಾದರೆ 6ರಷ್ಟು ಮಾತ್ರ. ಈ ಲೆಕ್ಕವು ಕುಸಿತಕ್ಕೆ ಅನುಗುಣವಾಗಿ ಬಲ ಏರುವ ಸಾಮಾನ್ಯ ಸುರುಳಿಗೆ ಸಂಬಂಧಿಸಿದ್ದು. ಮೊದಲಿನಿಂದ ಕೊನೆಯವರೆಗೆ ಒಂದೇ ಬಲದಿಂದ ಎದುರಿಸುವ ಸ್ಪ್ರಿಂಗು ಇದ್ದಿದ್ದರೆ, ಅದೇ 30 ಸೆಂ.ಮೀ. ಕುಸಿತದಲ್ಲಿ ತೂಕದ 3ರಷ್ಟು ಬಲವೇ ಸಾಕಾಗುತ್ತಿತ್ತು! ಎರಡು ತುದಿಗಳಿಂದ ಅದುಮಿದ ಬಿಲ್ಲು ಈ ಆದರ್ಶಕ್ಕೆ ಸಮೀಪ ಬರುವುದು. ಮೊದಲಲ್ಲಿ ಗಡುಸಾಗಿದ್ದು, ಬಾಗತೊಡಗಿದ ಮೇಲೆ ಅದರ ಬಲ ನಿಧಾನವಾಗಿ ಏರುವುದು. ಚಿಮ್ಮುಗಾಲಿನಲ್ಲಿ ಸುರುಳಿಯ ಬದಲು ಕಮಾನನ್ನು ಬಳಸುವುದರ ಸ್ವಾರಸ್ಯ ಇಲ್ಲಿದೆ. ನಿಜವಾದ ಕಮಾನು ಈ ಎರಡು ಲೆಕ್ಕಗಳ ನಡುವೆ ಎಲ್ಲಿಯೋ ನಿಲ್ಲುವುದು.

ಹಾಗಾದರೆ ಕಮಾನನ್ನು ಮತ್ತಷ್ಟು ಬಾಗಿಸಿದರಾಯಿತಲ್ಲವೆ? ಬಾಗಿಸಬಹುದು; ಆದರೆ ಬಾಗಿದಷ್ಟೂ ಅದರ ಹೊರಮೈಯ ಎಳೆಗಳು ಹಿಗ್ಗುವುವು, ಒಳಮೈಯ ಎಳೆಗಳು ಕುಗ್ಗುವುವು. ಗಟ್ಟಿಯಾಗಲೆಂದು ದಪ್ಪವನ್ನು ಇಮ್ಮಡಿಸಿದರೆ ಗಡುಸು ಎಂಟುಪಟ್ಟಾಗಿ ಕಾಲಿಗೆ ಪೆಟ್ಟು ಹೆಚ್ಚುವುದು; ಅದನ್ನು ಮೊದಲಿನಷ್ಟೇ ಬಾಗಿಸಿದೆವಾದರೆ ಹೊರ ಎಳೆಗಳ ಹಿಗ್ಗು ಎರಡುಪಟ್ಟಾಗುವುದು. ಹೀಗೆ ದಪ್ಪವೆಂಬುದು ಬಾಳಿಕೆಯ ಖಾತರಿಯಲ್ಲ. 90 ಕೆ.ಜಿ. ಆಳಿಗೆಂದು ಮಾಡಿದ ಕಮಾನನ್ನು 50 ಕೆ.ಜಿ. ಹುಡುಗನು ತೊಟ್ಟರೆ ಅದು ಬಾಗಲೊಲ್ಲದು, ನೋವು ಅವನ ಮೊಣಕಾಲಿಗೆ; ಅದಲುಬದಲಾದರೆ ಅಪಾಯ ಕಮಾನಿಗೆ. ತೂಕಕ್ಕೆ ತಕ್ಕ ಕಮಾನನ್ನು ಆರಿಸುವುದರಿಂದ ಸುಖವೂ ಬಾಳಿಕೆಯೂ ಒಟ್ಟಿಗೇ ಲಭಿಸುವುವು.

ಇಳಕಲ್ಲಿನ ಕೆಂಪು ಗ್ರಾನೈಟಿನಂಥ ಭಾರವನ್ನು ಹೊರುವ ಲಾರಿಗಳಲ್ಲಿ ಕಮಾನು ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುವುದನ್ನು ನೋಡಿರಬಹುದು. ಒಂದೇ ದಪ್ಪ ಪಟ್ಟಿಗಿಂತ ಹಲವು ತೆಳು ಪಟ್ಟಿಗಳು ಹೆಚ್ಚು ಬಾಗಬಲ್ಲವು. ಪಟ್ಟಿಗಳ ನಡುವಿನ ಘರ್ಷಣೆ ಕುಲುಕಾಟವನ್ನು ನುಂಗುವುದು. ಲಾರಿಗೆ ಅದು ವರ, ಚಿಮ್ಮುವವನಿಗೆ ಶಾಪ. ಮೇಲಾಗಿ ಉಕ್ಕು ಗಾಜಿನೆಳೆಯ ಪಟ್ಟಿಗಿಂತ ಸುಮಾರು ನಾಲ್ಕುಪಟ್ಟು ಸಾಂದ್ರ, ಐದುಪಟ್ಟು ಗಡುಸು. ಒಂದು ಕೆ.ಜಿ. ಪಟ್ಟಿಯಲ್ಲಿ ಕೂಡಿಡಬಹುದಾದ ಶಕ್ತಿಯಲ್ಲಿ ಗಾಜಿನೆಳೆಯದೇ ಮೇಲುಗೈ.

ಆದರೆ ಗಾಜಿನೆಳೆಯ ಪಟ್ಟಿ ಸಾಯುವ ಬಗೆ ಬೇರೆ. ಮೊದಲು ರಾಳ ಎಳೆಯಿಂದ ಬಿಡುವುದು, ಆಮೇಲೆ ಪದರಗಳು ಸೀಳುವುವು. ಬಹುಮಟ್ಟಿಗೆ ಇದು ಆರಂಭವಾಗುವುದು ಅಂಚಿನ ಗೀರಿನಲ್ಲಿ, ಇಲ್ಲವೆ ಬೋಲ್ಟಿನ ಬಳಿ. ಆದುದರಿಂದ ಕಮಾನಿಗೆ ಹೊಸ ತೂತು ಕೊರೆಯುವುದು ತೀರ ಅವಿವೇಕದ ಕೆಲಸ. ಬಿಗಿಹಿಡಿಕೆಗೂ ಕಮಾನಿಗೂ ನಡುವೆ ರಬ್ಬರಿನ ತೆಳುಪಟ್ಟಿಯಿದ್ದರೆ ಒತ್ತಡ ಹಂಚಿಹೋಗುವುದು. ಬಾಗುವ ಎಡೆಯಲ್ಲಿ ಬಿಳಿಯ ಗೆರೆ ಮೂಡಿದರೆ ಆ ಕಮಾನನ್ನು ಅಂದೇ ತೆಗೆದಿಡಬೇಕು. ಏಕೆಂದರೆ ಅದು ಮುರಿಯುವುದು ಸುಮ್ಮನೆ ನಿಂತಾಗ ಅಲ್ಲ, ದೇಹವು ಬಿದ್ದು ಬಲವು ಶಿಖರವೇರಿದ ಕ್ಷಣದಲ್ಲಿ. ಕೀಲುಗಳ ಬುಷ್‌ಗಳಿಗೆ ಹೊಳೆಯ ಮರಳಿನಂಥ ಶತ್ರು ಇನ್ನೊಂದಿಲ್ಲ. ಆಟ ಮುಗಿದ ಕೂಡಲೆ ಒರೆಸಿ, ಸವೆದ ಬುಷ್‌ಗಳನ್ನು ಬದಲಿಸುವುದು ಅಗ್ಗದ ಆರೈಕೆ.

ಸುಖಕ್ಕೆ ಮೆತ್ತೆಯೂ ಬೇಕು. ಮೊಣಕಾಲಿನ ಕೆಳಗಿನ ಪಟ್ಟಿಯನ್ನು ಎರಡುಪಟ್ಟು ಅಗಲ ಮಾಡಿದರೆ ಅದೇ ಬಲದ ಒತ್ತಡ ಅರ್ಧವಾಗುವುದು. ಇದಕ್ಕಿಂತ ಕಡಿಮೆ ಗಮನಕ್ಕೆ ಬರುವುದು ತೂಕವಿರುವ ಸ್ಥಾನ. ಕಾಲನ್ನು ಬೀಸುವಾಗ ಜಡತೆಯು ಸೊಂಟದಿಂದ ಇರುವ ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದು. ಗೊರಸು ಸೊಂಟದಿಂದ 130 ಸೆಂ.ಮೀ., ಮೊಣಕಾಲು 45 ಸೆಂ.ಮೀ. ದೂರವೆಂದರೆ, ಗೊರಸಿನಲ್ಲಿ ಉಳಿಸಿದ 100 ಗ್ರಾಂ ಮೊಣಕಾಲಿನಲ್ಲಿ ಉಳಿಸಿದ 800 ಗ್ರಾಮಿಗಿಂತ ಮಿಗಿಲು.

ಇನ್ನು ನೆಲದ ವಿಷಯ. ಗೊರಸಿನ ವಿಸ್ತೀರ್ಣ 30 ಚದರ ಸೆಂ.ಮೀ. ಎಂದಿಟ್ಟುಕೊಂಡರೆ, 60 ಕೆ.ಜಿ.ಯವನು ಇಳಿದಾಗ, ಒಂದೊಂದು ಕಾಲಿಗೂ ಮೂರು ತೂಕದ ಬಲ ಬಂದರೆ, ಚದರ ಸೆಂ.ಮೀ.ಗೆ ಸುಮಾರು 59 ನ್ಯೂಟನ್ ಒತ್ತಡ. ಬರಿಗಾಲಿನಲ್ಲಿ, 150 ಚದರ ಸೆಂ.ಮೀ. ಪಾದವನ್ನೂರಿ, ಅದೇ ಮನುಷ್ಯನು ಒಂಟಿಕಾಲಲ್ಲಿ ನಿಂತರೆ 4 ನ್ಯೂಟನ್ ಮಾತ್ರ. ಕೆಸರು ದಾಟಲು ಹುಟ್ಟಿದ ಮರಗಾಲಿನ ವಂಶಜ ಕೂಡಲಸಂಗಮದ ಹಸಿ ಎರೆಮಣ್ಣಿನಲ್ಲಿ ಹೂತುಹೋಗುವುದು. ಒಣಗಿ ಬಿರುಕುಬಿಟ್ಟ ಬೇಸಿಗೆಯ ಎರೆಯಲ್ಲಿ ಗೊರಸು ಬಿರುಕಿಗೆ ಸಿಕ್ಕಿ ಕಮಾನು ತಿರುಚಿಕೊಳ್ಳುವುದು. ಅದಕ್ಕೆ ಒಪ್ಪುವ ನೆಲವೆಂದರೆ ಗಟ್ಟಿಯಾದ, ಒಣಗಿದ, ಮರಳಿಲ್ಲದ ಬಯಲು.