ನಡುಗುವ ಕೈಗೆ ಲೆಕ್ಕದ ನೆರವು

ಅಂಗೈ ಕೆಳಗೆ ಮಾಡಿ ಕೈ ಮುಂದೆ ಚಾಚಿ, ಬೆರಳುಗಳ ಮೇಲೊಂದು ಹಾಳೆ ಇಡಿ. ಹಾಳೆಯ ಅಂಚು ಸಣ್ಣಗೆ ಅಲುಗುತ್ತಿದೆ, ಅಲ್ವೇ? ಹೆದರಬೇಡಿ, ಇಷ್ಟು ನಡುಕ ಎಲ್ಲರಿಗೂ ಇರುತ್ತದೆ.

ಈಗ ನಿಮ್ಮ ಊರಿನ ಒಬ್ಬ ಅಜ್ಜನನ್ನು ಊಹಿಸಿಕೊಳ್ಳಿ. ಕೈ ತೊಡೆಯ ಮೇಲೆ ಸುಮ್ಮನೆ ಇದ್ದಾಗಲೂ ಸೆಕೆಂಡಿಗೆ ನಾಲ್ಕೈದು ಸಲ ನಡುಗುತ್ತದೆ. ಲೋಟಕ್ಕೆ ಕೈ ಚಾಚಿದರೆ ನಡುಕ ಕಡಿಮೆ. ಹೆಜ್ಜೆ ಗಿಡ್ಡ, ಅಂಗಿಯ ಗುಂಡಿ ಹಾಕಲು ಹತ್ತು ನಿಮಿಷ. ಮನೆಯವರು "ವಯಸ್ಸಾಯ್ತಲ್ಲ" ಎಂದು ಸುಮ್ಮನಾಗುತ್ತಾರೆ. ಆದರೆ ಇದು ಬರೀ ವಯಸ್ಸಲ್ಲ, ಪಾರ್ಕಿನ್ಸನ್ ಕಾಯಿಲೆ ಇರಬಹುದು. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ವಿವರವಾಗಿ ಬರೆದರು.

ಕಾರಣ ಮಿದುಳಿನ ಆಳದಲ್ಲಿದೆ. ಅಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಅದಕ್ಕೆ ಕೊಡುವ ಮುಖ್ಯ ಔಷಧಿ ಲೆವೊಡೋಪಾ. ಬೇಲಿಯಲ್ಲಿ ಬೆಳೆದು ಮೈಗೆ ತಾಗಿದರೆ ತುರಿಸುವ ನಸುಗುನ್ನಿ ಗೊತ್ತಲ್ಲ? ಅದರ ಬೀಜದಲ್ಲೂ ಇದೇ ವಸ್ತುವಿದೆ. ಹಾಗಂತ ಯಾರಿಗೂ ಬೀಜ ತಿನ್ನಿಸಬೇಡಿ; ಪ್ರಮಾಣ ತಪ್ಪಿದರೆ ಅಪಾಯ.

ವರ್ಷಗಳು ಕಳೆದಂತೆ ಕೆಲವರಲ್ಲಿ ಮಾತ್ರೆಯ ಪರಿಣಾಮ ಏರಿಳಿಯತೊಡಗುತ್ತದೆ. ಅಂಥವರಿಗೆ ಇನ್ನೊಂದು ದಾರಿ ಇದೆ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದ ಶಸ್ತ್ರವೈದ್ಯ ಅಲಿಂ-ಲೂಯಿ ಬೆನಬಿದ್, ಮಿದುಳಿನ ಆಳಕ್ಕೆ ತೆಳು ತಂತಿ ಇಳಿಸಿ ಸೆಕೆಂಡಿಗೆ 100ಕ್ಕಿಂತ ಹೆಚ್ಚು ವಿದ್ಯುತ್ ಮಿಡಿತ ಕೊಟ್ಟರೆ ನಡುಕ ನಿಲ್ಲುತ್ತದೆ ಎಂದು ಕಂಡುಕೊಂಡರು. ಇವತ್ತು ಎದೆಯ ಚರ್ಮದಡಿ ಬ್ಯಾಟರಿ ಪೆಟ್ಟಿಗೆ ಇಟ್ಟು, ಅಲ್ಲಿಂದ ಮಿದುಳಿಗೆ ತಂತಿ ಒಯ್ಯುತ್ತಾರೆ. ಇದೇ ಆಳಮಿದುಳು ಪ್ರಚೋದನೆ.

ನಿಜವಾದ ಕಷ್ಟ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಶುರು. ಹಳೇ ರೇಡಿಯೋದ ತಿರುಪು ತಿರುಗಿಸಿ ಸ್ಟೇಷನ್ ಹುಡುಕಿದ ಹಾಗೆ, ವೈದ್ಯರು ಸರಿಯಾದ ಹೊಂದಾಣಿಕೆ ಹುಡುಕಬೇಕು. ಒಂದು ಲೆಕ್ಕ ಹಾಕೋಣ. ತಂತಿಯ ತುದಿಯಲ್ಲಿ 4 ಸಂಪರ್ಕ ಬಿಂದುಗಳು, ವಿದ್ಯುತ್ತಿನ ಬಲಕ್ಕೆ 10 ಹಂತ, ಮಿಡಿತದ ಅಗಲಕ್ಕೆ 4, ವೇಗಕ್ಕೆ 5 ಎಂದಿಟ್ಟುಕೊಳ್ಳಿ. ಗುಣಿಸಿದರೆ 800. ಮಿದುಳಿನ ಎಡ, ಬಲ ಎರಡೂ ಕಡೆ ತಂತಿ ಇದ್ದರೆ 800 × 800, ಅಂದರೆ 6,40,000! ಎಲ್ಲವನ್ನೂ ಪರೀಕ್ಷಿಸಲು ಸಾಧ್ಯವೇ? ಸರಿಯಾದದ್ದು ಸಿಗುವವರೆಗೆ ರೋಗಿ ತಿಂಗಳುಗಟ್ಟಲೆ ಆಸ್ಪತ್ರೆಗೆ ಅಲೆಯಬೇಕಾಗಬಹುದು. ಊರಿಂದ ಬಸ್ಸು ಹಿಡಿದು ದೊಡ್ಡ ನಗರಕ್ಕೆ ಹೋಗಬೇಕಾದವರಿಗೆ ಇದು ಎಷ್ಟು ಭಾರ, ಯೋಚಿಸಿ.

ಇಲ್ಲೇ ಯಂತ್ರಕಲಿಕೆ ಬರುತ್ತದೆ. ಕೆನಡಾದ ಟೊರಾಂಟೊದ ಸಂಶೋಧಕರು ಪ್ರಚೋದನೆ ನಡೆಯುತ್ತಿರುವಾಗಲೇ ರೋಗಿಗಳ ಮಿದುಳಿನ ಎಂಆರ್‌ಐ ತೆಗೆದರು. ಹೊಂದಾಣಿಕೆ ಸರಿ ಇದ್ದಾಗ ಮಿದುಳಿನ ಯಾವ ಭಾಗ ಹೇಗೆ ಸ್ಪಂದಿಸುತ್ತದೆ, ತಪ್ಪಿದ್ದಾಗ ಹೇಗೆ ಎಂಬುದನ್ನು 39 ರೋಗಿಗಳ ಚಿತ್ರಗಳಿಂದ ಕಂಪ್ಯೂಟರಿಗೆ ಕಲಿಸಿದರು. ನೀವು ಮಾವಿನಹಣ್ಣು ನೋಡಿ ನೋಡಿಯೇ ಮಾಗಿದ್ದು ಯಾವುದು, ಕಾಯಿ ಯಾವುದು ಎಂದು ಕಲಿತಿರಲ್ಲ, ಹಾಗೇ. 2021ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಕಂಪ್ಯೂಟರ್ 88% ನಿಖರತೆಯಿಂದ ಸರಿ-ತಪ್ಪು ಗುರುತಿಸಿತು.

ಇನ್ನೊಂದು ಹೆಜ್ಜೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಅಲ್ಲಿ ಸಾಧನವೇ ಮಿದುಳಿನ ಅಲೆಗಳನ್ನು ಆಲಿಸುತ್ತದೆ. ಅಗತ್ಯ ನೋಡಿ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡುತ್ತದೆ. ಯಾವ ಅಲೆಯನ್ನು ಆಲಿಸಬೇಕು ಎಂಬುದನ್ನು ಪ್ರತಿಯೊಬ್ಬರ ದತ್ತಾಂಶದಿಂದಲೇ ಹುಡುಕಿದರು. 2024ರ ವರದಿಯಂತೆ, ಅತಿ ಹೆಚ್ಚು ಕಾಡುತ್ತಿದ್ದ ತೊಂದರೆ ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಪರೀಕ್ಷೆಯಲ್ಲಿದ್ದವರು ನಾಲ್ಕೇ ಜನ ಎಂಬುದನ್ನು ಮರೆಯಬೇಡಿ.

ಯಾವುದೇ ಯಂತ್ರ ಸತ್ತ ನರಕೋಶವನ್ನು ಬದುಕಿಸುವುದಿಲ್ಲ, ಕಾಯಿಲೆಯನ್ನು ನಿಲ್ಲಿಸುವುದೂ ಇಲ್ಲ. ಮೇಲಾಗಿ 88% ಸರಿ ಎಂದರೆ ನೂರಕ್ಕೆ 12 ತಪ್ಪು. ಆ 12ರಲ್ಲಿ ನಮ್ಮ ಅಜ್ಜನೂ ಇರಬಹುದು. ಹಾಗಾಗಿ ಕಂಪ್ಯೂಟರ್ ಸೂಚಿಸಲಿ, ಅಜ್ಜನ ಕೈ ಹಿಡಿದು ನೋಡಿ, "ಈಗ ಹೇಗಿದೆ?" ಎಂದು ಕೇಳಿ ತೀರ್ಮಾನಿಸಲು ವೈದ್ಯರು ಬೇಕೇ ಬೇಕು.

ನಿಮಗೊಂದು ಕೆಲಸ: ಮನೆಯಲ್ಲಿ, ನೆರೆಯಲ್ಲಿ ಹೀಗೆ ಕೈ ನಡುಗುವ ಹಿರಿಯರಿದ್ದರೆ ನಗಬೇಡಿ. ನರರೋಗ ವೈದ್ಯರಿಗೆ ತೋರಿಸಲು ಮನೆಯವರಿಗೆ ಹೇಳಿ. ಅಲ್ಲಿಯವರೆಗೆ ಆ ಅಂಗಿಯ ಗುಂಡಿ ಹಾಕಿಕೊಡಿ.